ಕಡಿದ ಗಂಧದ ಬೊಡ್ಡೆಯಿಂದ ಹೊಸ ಗಿಡ

ಪುಣೆಯಲ್ಲಿ ಶ್ರೀಗಂಧದ ಕಳವು ಹೊಸ ಸುದ್ದಿಯಲ್ಲ. ಬಂಗಲೆಯ ಹಿತ್ತಲಿನಿಂದ, ಸಂಸ್ಥೆಗಳ ಆವರಣದಿಂದ ಮರಗಳು ರಾತ್ರೋರಾತ್ರಿ ಮಾಯವಾಗುತ್ತವೆ. ಕೋಥ್ರೂಡಿನ ನಮ್ಮ ಸೊಸೈಟಿಯ ಮರವನ್ನೂ ಹಾಗೆಯೇ ಗರಗಸದಿಂದ ಕೊಯ್ದೊಯ್ದರು. ಪಂಚನಾಮೆ ಮುಗಿದ ಮೇಲೆ ಉಳಿದ ಬೊಡ್ಡೆಯನ್ನು ಕೀಳಿಸಲು ಹೊರಟವರನ್ನು ತಡೆದದ್ದು ಒಳ್ಳೆಯದಾಯಿತು, ಏಕೆಂದರೆ ತಾಯಿಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳಲು ಮನೆಯವರಿಗೆ ಬೊಡ್ಡೆಯ ಬೇರಿನಿಂದ ಏಳುವ ಚಿಗುರಿಗಿಂತ ಸುಲಭದ ದಾರಿಯಿಲ್ಲ. ಬೀಜದ ಸಸಿಗಳಲ್ಲಿ ಪರಾಗಸ್ಪರ್ಶದಿಂದ ಬೇರೆ ಮರದ ಗುಣ ಬೆರೆತಿರುತ್ತದೆ.

ಬೊಡ್ಡೆಯಿಂದ ಸುಮಾರು 1 ಮೀಟರ್ ದೂರದಲ್ಲಿ, ಬೇಸಿಗೆಯ ಕೊನೆಗೆ, ಮಣ್ಣನ್ನು ಮೆಲ್ಲನೆ ಸರಿಸಿ ಬೆರಳು ಗಾತ್ರದ ಬೇರುಗಳನ್ನು ಹುಡುಕಿ, ಹರಿತವಾದ ಕತ್ತರಿಯಿಂದ ಕತ್ತರಿಸಿ, ತುದಿಯನ್ನು ಬೆಳಕಿಗೆ ತೆರೆದಿಡಬೇಕು. ಮಳೆ ಬಿದ್ದ ಮೇಲೆ ಅಲ್ಲಿಂದ ಚಿಗುರೇಳುತ್ತದೆ. ಚಿಗುರು ಗೇಣುದ್ದ ಬೆಳೆದ ಕೂಡಲೇ ಕಿತ್ತು ಕುಂಡಕ್ಕೆ ಹಾಕುವ ಆತುರ ಬೇಡ. ಅದಕ್ಕೆ ಸ್ವಂತ ಬೇರು ಮೂಡಿದೆಯೇ ಎಂದು ಮಣ್ಣು ಕೆದಕಿ ನೋಡಿದ ಮೇಲೆಯೇ ತಾಯಿಬೇರಿನಿಂದ ಬೇರ್ಪಡಿಸಬೇಕು. ನಾನು ಮೊದಲು ಕಿತ್ತದ್ದು ಮೂರೇ ದಿನಕ್ಕೆ ಬಾಡಿತು. ಕಾರಣ ಬುಡದಲ್ಲೇ ಕಂಡಿತು: ಪಕ್ಕದ ಹೊಂಗೆಯ ಬೇರಿಗೆ ಕಚ್ಚಿಕೊಂಡಿದ್ದ, ಗಂಧದ ಬೇರಿನ ಬಿಳಿಚಿದ ಸಣ್ಣ ಗಂಟುಗಳನ್ನು ನಾನು ಹರಿದುಬಿಟ್ಟಿದ್ದೆ. ಗಂಧ ಅರೆಪರಾವಲಂಬಿ, ಆ ಗಂಟುಗಳ ಮೂಲಕವೇ ಅದು ನೆರೆಗಿಡದಿಂದ ನೀರು ಮತ್ತು ಲವಣಗಳನ್ನು ಹೀರುತ್ತದೆ. ಆದ್ದರಿಂದ ಮಣ್ಣಿನ ಹೆಂಟೆಯನ್ನು ಒಡೆಯದೆ ಎತ್ತಿ, ಕುಂಡದಲ್ಲಿ ಹೊನಗೊನ್ನೆ ಅಥವಾ ತೊಗರಿಯನ್ನು ಜೊತೆಗೆ ನೆಡಬೇಕು.

ಮರ ನಿಂತಿರುವಾಗಲೇ ಅದರ ಗುಣ ಬೇಕೆಂದರೆ ಸೀಳು ಕಸಿ ಮಾಡಬಹುದು. ಸುಮಾರು 1 ವರ್ಷದ, ಪೆನ್ಸಿಲ್ ದಪ್ಪದ ಬೀಜಸಸಿಯನ್ನು ಅಡಿಗಿಡವಾಗಿ ತೆಗೆದುಕೊಂಡು, ಅದರ ತಲೆ ಕತ್ತರಿಸಿ, ನಡುವೆ 3 ರಿಂದ 4 ಸೆಂಟಿಮೀಟರ್ ಸೀಳಿ, ಬೇಕಾದ ಮರದಿಂದ ತಂದ ಅಷ್ಟೇ ದಪ್ಪದ ಕುಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಪಾಲಿಥಿನ್ ಟೋಪಿ ಹಾಕಿ ನೆರಳಿನಲ್ಲಿಡಬೇಕು. ತೊಗಟೆಯ ಒಳಪದರ ಒಂದು ಬದಿಯಲ್ಲಾದರೂ ಕೂಡಲೇಬೇಕು. ಕಸಿ ಸೋಲುವುದು ಹೆಚ್ಚಾಗಿ ಇಲ್ಲೇ.

ಕಾಂಡದ ತುಂಡು ಮತ್ತು ಗೂಟಿಯ (ಕೊಂಬೆಯ ತೊಗಟೆ ಸುಲಿದು, ತೇವದ ಪಾಚಿ ಕಟ್ಟಿ, ಮರದಲ್ಲೇ ಬೇರು ಬರಿಸುವ ವಿಧಾನ) ವಿಷಯ ಬೇಗ ಮುಗಿಯುತ್ತದೆ. ಬಲಿತ ಮರದ ತುಂಡುಗಳು ಬೇರು ಬರಿಸುವ ಹಾರ್ಮೋನಾದ ಐಬಿಎ ಪುಡಿ ಹಚ್ಚಿದರೂ ಬೇರು ಬಿಡಲು ಸತಾಯಿಸುತ್ತವೆ, ಗೂಟಿಯೂ ಅಷ್ಟೇ. ಎಳೆಯ ಬುಡಚಿಗುರಿನ ತುಂಡುಗಳನ್ನಾದರೆ ತೇವ ಆರದ ಮಂಜುಕೋಣೆಯಲ್ಲಿ ಪ್ರಯತ್ನಿಸಬಹುದು. ಬಾಲ್ಕನಿಯಲ್ಲಿ ಮಾಡುವ ಕೆಲಸವಲ್ಲ.

ಕುಡಿಯಾಗಲಿ ಬೇರಾಗಲಿ, ಎಲೆಗಳು ಚಿಕ್ಕದಾಗಿ, ಸೆಟೆದು, ಕೊಂಬೆಯ ತುದಿಯಲ್ಲಿ ಮುಳ್ಳಿನಂತೆ ಗುಂಪುಗೂಡಿದ ಮರದಿಂದ ಏನನ್ನೂ ತೆಗೆಯಬಾರದು. ಅದು ಕೊಡಗಿನಲ್ಲಿ 1899ರಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗದ ಲಕ್ಷಣ. ಕಸಿಯ ಮೂಲಕವೂ ಹರಡುತ್ತದೆ, ಮದ್ದಿಲ್ಲ.

ನೆಲಕ್ಕೆ ನೆಡುವಾಗ ಪುಣೆಯ ಕಪ್ಪುಮಣ್ಣಿನಲ್ಲಿ ನೀರು ನಿಲ್ಲುವುದರಿಂದ, ಮುರ್ರಮ್ (ಗರಸು ಮಣ್ಣು) ಬೆರೆಸಿ ದಿಬ್ಬ ಮಾಡಿ, ತುಸು ದೂರದಲ್ಲಿ ಹೊಂಗೆಯನ್ನೋ ಸರ್ವೆಯನ್ನೋ ಶಾಶ್ವತ ಜೊತೆಗಿಡವಾಗಿ ಹಾಕಬೇಕು.