ಬಿಳಿಚುಕ್ಕೆ ಮಾಯವಾದ ದಿನ ಚಿಕಿತ್ಸೆ ನಿಲ್ಲಿಸಬೇಡಿ

ಅಕ್ವೇರಿಯಂ ಮೀನಿಗೆ ಬಿಳಿಚುಕ್ಕೆ ರೋಗ ಬಂದಿದೆ ಎಂದು ನನ್ನ ಬಳಿ ವಿಚಾರಿಸುವವರಲ್ಲಿ ಹೆಚ್ಚಿನವರಿಗೆ ಅದು ಎರಡನೆಯ ಸಲದ ಕಾಟ. ಮೊದಲ ಸಲ ಅಂಗಡಿಯವರು ಕೊಟ್ಟ ಔಷಧಿಯನ್ನು ಮೂರು ದಿನ ಹಾಕಿರುತ್ತಾರೆ, ಚುಕ್ಕೆಗಳು ಹೋಗಿರುತ್ತವೆ, ಬಾಟಲಿ ಕಪಾಟು ಸೇರಿರುತ್ತದೆ. ವಾರ ಕಳೆಯುವುದರೊಳಗೆ ಹತ್ತು ಚುಕ್ಕೆ ಇದ್ದ ಮೀನಿನ ಮೈಮೇಲೆ ನೂರು ಚುಕ್ಕೆ ಎದ್ದು ನಿಂತಿರುತ್ತವೆ. ಔಷಧಿ ಸರಿಯಿಲ್ಲ ಎಂದು ಅವರು ದೂರುತ್ತಾರೆ. ಅನೇಕ ಸಲ ಔಷಧಿ ಸರಿಯಾಗಿಯೇ ಇರುತ್ತದೆ. ಅದನ್ನು ನಿಲ್ಲಿಸಿದ ದಿನ ತಪ್ಪಾಗಿರುತ್ತದೆ.

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈ ರೋಗಕ್ಕೆ ಡಿಸೆಂಬರ್ ಮತ್ತು ಜನವರಿ ಹೇಳಿ ಮಾಡಿಸಿದ ತಿಂಗಳುಗಳು. ಹೀಟರ್ ಇಲ್ಲದ ತೊಟ್ಟಿಯ ನೀರು ರಾತ್ರಿ ಹೊತ್ತು 20–21 ಡಿಗ್ರಿಗೆ ಇಳಿಯುತ್ತದೆ. ಚೆನ್ನೈನ ಕೊಳತ್ತೂರಿನಂಥ ಬಿಸಿಲೂರಿನ ತೊಟ್ಟಿಗಳಲ್ಲಿ ಬೆಳೆದು, ಚೀಲದಲ್ಲಿ ಪಯಣಿಸಿ ಬಂದ ಮೀನಿಗೆ ಈ ಚಳಿ ತಡೆಯದು.

ಮೊದಲು: ಅದು ಬಿಳಿಚುಕ್ಕೆಯೇ ಎಂದು ಖಚಿತಪಡಿಸಿಕೊಳ್ಳಿ

ಮೈಮೇಲೆ ಸಣ್ಣ ರವೆ ಉದುರಿಸಿದಂತೆ ಬಿಡಿಬಿಡಿಯಾದ, ಒಂದು ಮಿಲಿಮೀಟರ್ ಮೀರದ ಚುಕ್ಕೆಗಳಿದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಬಿಳಿಚುಕ್ಕೆ ರೋಗ. ಹತ್ತಿಯಂತೆ ಕಂಡರೆ ಶಿಲೀಂಧ್ರ, ಚಿನ್ನದ ಪುಡಿ ಎರಚಿದಂತೆ ಕಂಡರೆ ವೆಲ್ವೆಟ್ ಎಂಬ ಬೇರೆಯದೇ ರೋಗ. ಗೋಲ್ಡ್‌ಫಿಶ್ ಸಾಕಿದವರು ಇನ್ನೊಂದು ವಿಷಯ ನೆನಪಿಡಬೇಕು: ಮರಿ ಮಾಡುವ ಕಾಲದಲ್ಲಿ ಗಂಡು ಮೀನಿನ ಕಿವಿರು ಮುಚ್ಚಳದ ಮೇಲೂ ಎದೆಯ ರೆಕ್ಕೆಗಳ ಅಂಚಿನಲ್ಲೂ ಸಾಲಾಗಿ ಬಿಳಿ ಚುಕ್ಕೆಗಳು ಏಳುತ್ತವೆ. ಅದು ಪ್ರಾಯದ ಗುರುತು, ಅದಕ್ಕೆ ಔಷಧಿ ಬೇಡ.

ಎರಡನೆಯದು: ಶತ್ರು ಎಲ್ಲೆಲ್ಲಿ ಇದ್ದಾನೆ ಎಂದು ತಿಳಿದುಕೊಳ್ಳಿ

ಇದನ್ನು ಓದದೆ ಉಪ್ಪಿನ ಪೊಟ್ಟಣ ಬಿಚ್ಚಬೇಡಿ. ಈ ರೋಗಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್ ಎಂಬ ಏಕಕೋಶ ಪರಜೀವಿ. 1876ರಲ್ಲಿ ಅದಕ್ಕೆ ಈ ಹೆಸರಿಟ್ಟ ಫ್ರೆಂಚ್ ವಿಜ್ಞಾನಿ ಫೂಕೆ, ಬಹುಸಂತಾನದ ಮೀನುಹೇನು ಎಂಬ ಅರ್ಥ ಬರುವಂತೆ ಇಟ್ಟದ್ದು ಸುಮ್ಮನಲ್ಲ. ನಮಗೆ ಕಾಣುವ ಬಿಳಿ ಚುಕ್ಕೆಯ ಒಳಗೆ, ಮೀನಿನ ಚರ್ಮದ ಹೊರಪದರದ ಅಡಿಯಲ್ಲಿ, ಅದು ಬೆಚ್ಚಗೆ ಕುಳಿತು ಮೀನಿನ ಜೀವಕೋಶಗಳನ್ನೇ ತಿನ್ನುತ್ತಿರುತ್ತದೆ. ಆಗ ನೀವು ನೀರಿಗೆ ಏನೇ ಸುರಿದರೂ ಅದಕ್ಕೆ ತಾಗುವುದಿಲ್ಲ. ಕೆಲವು ದಿನಗಳಲ್ಲಿ ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ಚರ್ಮ ಬಿಟ್ಟು ಕಳಚಿ, ತಳದ ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತ ಒಂದು ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಕ್ಕೂ ಔಷಧಿ ಇಳಿಯುವುದಿಲ್ಲ. ಒಳಗೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗಿ ಹೊರಬರುತ್ತದೆ. ಈ ಮರಿಗಳು ಒಂದೆರಡು ದಿನಗಳಲ್ಲಿ ಮೀನೊಂದನ್ನು ಹಿಡಿಯದಿದ್ದರೆ ಸಾಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ, ಕೊಲ್ಲಲು ಸಾಧ್ಯವಿರುವುದು ಈಜಾಡುವ ಈ ಮರಿಗಳನ್ನು ಮಾತ್ರ.

ಹಾಗಾಗಿ ಮೂರನೆಯ ದಿನ ಚುಕ್ಕೆಗಳು ಮಾಯವಾದವೆಂದರೆ ಪರಜೀವಿ ಸತ್ತಿತೆಂದು ಅರ್ಥವಲ್ಲ. ಅದು ಮೀನಿನಿಂದ ಇಳಿದು ತಳದಲ್ಲಿ ಸಂತಾನ ಬೆಳೆಸಿಕೊಳ್ಳುತ್ತಿದೆ ಎಂದರ್ಥ. ಚುಕ್ಕೆ ಕಂಡ ಒಂದು ಮೀನನ್ನು ಮಾತ್ರ ಎತ್ತಿ ಬಕೆಟ್ಟಿಗೆ ಹಾಕುವುದರಿಂದ ಪ್ರಯೋಜನವಿಲ್ಲದಿರುವುದೂ ಇದೇ ಕಾರಣಕ್ಕೆ. ಉಳಿದ ಮೀನುಗಳ ಕಿವಿರಿನೊಳಗೆ ಕಣ್ಣಿಗೆ ಕಾಣದ ಚುಕ್ಕೆಗಳು ಇರಬಹುದು. ಇಡೀ ತೊಟ್ಟಿಗೇ ಚಿಕಿತ್ಸೆ ಆಗಬೇಕು.

ಮೂರನೆಯದು: ನೀರನ್ನು ಅಳೆಯಿರಿ

ಅಂಗಡಿಯವರು ಹೇಳಿದ ಲೀಟರ್ ಲೆಕ್ಕವನ್ನು ನಂಬಬೇಡಿ. ತೊಟ್ಟಿಯ ಒಳಗಿನ ಉದ್ದ, ಅಗಲ, ಹಾಗೂ ತಳದ ಕಲ್ಲಿನಿಂದ ನೀರಿನ ಮಟ್ಟದವರೆಗಿನ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಗುಣಿಸಿ, 1000ದಿಂದ ಭಾಗಿಸಿ. ಎರಡಡಿ ಉದ್ದದ ಸಾಮಾನ್ಯ ತೊಟ್ಟಿಯಲ್ಲಿ 60, 30 ಮತ್ತು 25 ಸೆಂಟಿಮೀಟರ್ ಬಂದರೆ ನಿಜವಾದ ನೀರು 45 ಲೀಟರ್.

ನಾಲ್ಕನೆಯದು: ಶಾಖ ಏರಿಸಿ

ಥರ್ಮೋಸ್ಟಾಟ್ (ಶಾಖವನ್ನು ತಾನೇ ನಿಯಂತ್ರಿಸುವ ಸಾಧನ) ಇರುವ ಹೀಟರ್‌ನಿಂದ ದಿನಕ್ಕೆ ಎರಡು ಡಿಗ್ರಿಯಂತೆ 30 ಡಿಗ್ರಿಗೆ ತನ್ನಿ. ಗೋಲ್ಡ್‌ಫಿಶ್‌ಗೆ 27–28 ಸಾಕು. ಶಾಖ ಹೆಚ್ಚಿದಷ್ಟೂ ಪರಜೀವಿಯ ಜೀವನಚಕ್ರ ಬೇಗ ಉರುಳುತ್ತದೆ. ತಣ್ಣನೆಯ ನೀರಿನಲ್ಲಿ ಹಲವು ವಾರ ಎಳೆಯುವ ಚಕ್ರ 25 ಡಿಗ್ರಿಯಲ್ಲಿ ವಾರದೊಳಗೆ ಮುಗಿಯುತ್ತದೆ, 30 ಡಿಗ್ರಿಯಲ್ಲಿ ಪರಜೀವಿಯ ಹೆಚ್ಚಿನ ತಳಿಗಳಿಗೆ ವಂಶ ಬೆಳೆಸುವುದೇ ಕಷ್ಟವಾಗುತ್ತದೆ. ಆದರೆ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಏರ್ ಪಂಪ್ ಹಗಲಿರುಳೂ ನಡೆಯುತ್ತಿರಬೇಕು. ಕರೆಂಟ್ ಹೋಗುವ ಊರಿನಲ್ಲಿದ್ದರೆ ಬ್ಯಾಟರಿಯಿಂದ ನಡೆಯುವ ಪಂಪ್ ಕೊಳ್ಳಿ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಹೀಟರ್ ಕೊಳ್ಳುವ ಬದಲು ಹೀಟರ್ ಇಲ್ಲದೆ ಇರುವುದೇ ಮೇಲು. ಅದನ್ನು ಆರಿಸಲು ಮರೆತ ರಾತ್ರಿ ಮೀನು ಬೆಂದುಹೋಗುತ್ತದೆ. ತೊಟ್ಟಿಗೆ ಕೈ ಇಳಿಸುವ ಮೊದಲು ಪ್ಲಗ್ ಕೀಳಬೇಕೆಂಬುದನ್ನು ಮನೆಯವರಿಗೆಲ್ಲ ಹೇಳಿಡಿ.

ಐದನೆಯದು: ಉಪ್ಪು

ಲೀಟರಿಗೆ ಎರಡು ಗ್ರಾಂ ಕಲ್ಲುಪ್ಪು. 45 ಲೀಟರಿಗೆ 90 ಗ್ರಾಂ ಆಯಿತು. ಇದನ್ನು ಚಮಚದಲ್ಲಿ ಅಳೆಯದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಏಕೆಂದರೆ ಹರಳಿನ ಗಾತ್ರದ ಮೇಲೆ ಚಮಚದ ತೂಕ ಬದಲಾಗುತ್ತದೆ. ಮೂರು ಪಾಲು ಮಾಡಿ, ಒಂದೊಂದು ಪಾಲನ್ನು ತೊಟ್ಟಿಯದೇ ನೀರಿನಲ್ಲಿ ಪೂರ್ತಿ ಕರಗಿಸಿ, ಹನ್ನೆರಡು ಗಂಟೆಗೊಮ್ಮೆ ನಿಧಾನವಾಗಿ ಸುರಿಯಿರಿ. ಲೋಚ್, ಕೋರಿಡೋರಾಸ್, ನಿಯಾನ್ ಟೆಟ್ರಾಗಳಂಥ ಉಪ್ಪು ತಡೆಯದ ಮೀನುಗಳಿದ್ದರೆ ಲೀಟರಿಗೆ ಒಂದು ಗ್ರಾಂ ಮೀರಬೇಡಿ. ಬಸವನಹುಳು, ಸೀಗಡಿ, ನಾಜೂಕಾದ ಗಿಡಗಳಿರುವ ತೊಟ್ಟಿಗೆ ಉಪ್ಪನ್ನೇ ಬಿಟ್ಟು ಶಾಖವೊಂದನ್ನೇ ನೆಚ್ಚುವುದು ನನ್ನ ಕ್ರಮ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಉಪ್ಪು ಆವಿಯಾಗುವುದಿಲ್ಲ. 12 ಲೀಟರ್ ನೀರು ತೆಗೆದು ಹೊಸ ನೀರು ಹಾಕಿದಾಗ ಆ 12 ಲೀಟರಿಗೆ ಬೇಕಾದ 24 ಗ್ರಾಂ ಮಾತ್ರ ಸೇರಿಸಬೇಕು. ಪ್ರತಿ ಸಲವೂ 90 ಗ್ರಾಂ ಸುರಿದವರ ತೊಟ್ಟಿ ನಾಲ್ಕನೆಯ ಸಲಕ್ಕೆ ಉಪ್ಪಿನಕಾಯಿ ಭರಣಿಯಾಗುತ್ತದೆ. ನೀರು ಆರಿ ಮಟ್ಟ ಇಳಿದಿದ್ದರೆ ಬರೀ ಸಿಹಿನೀರು ತುಂಬಿಸಿ.

ಅಕ್ವೇರಿಯಂ ಉಪ್ಪು ಎಂದು ಚೆಂದದ ಪೊಟ್ಟಣದಲ್ಲಿ ಹತ್ತು ಪಟ್ಟು ಬೆಲೆಗೆ ಮಾರುವುದೂ ಸಾಮಾನ್ಯವಾಗಿ ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಸೇರಿದ ಪುಡಿ ಉಪ್ಪು ಮೀನಿಗೆ ವಿಷವೆಂಬ ಮಾತನ್ನು ನಂಬಬೇಕಿಲ್ಲ. ಅದರಲ್ಲಿರುವ ಅಯೋಡಿನ್ ಬಲು ಅಲ್ಪ. ಆದರೂ ನಾನು ಕಲ್ಲುಪ್ಪನ್ನೇ ಬಳಸುತ್ತೇನೆ.

ಆರನೆಯದು: ದಿನ ಬಿಟ್ಟು ದಿನ ತಳವನ್ನು ಹೀರಿ ತೆಗೆಯಿರಿ

ಸೈಫನ್ ಕೊಳವೆಯನ್ನು ತಳದ ಕಲ್ಲುಗಳ ನಡುವೆ ಚುಚ್ಚಿ ಚುಚ್ಚಿ ಕಾಲು ಭಾಗದಷ್ಟು ನೀರನ್ನು ಕೊಳೆಯ ಸಮೇತ ಹೊರತೆಗೆಯಿರಿ. ಮೇಲಿನ ತಿಳಿನೀರನ್ನು ಮಗ್ಗಿನಲ್ಲಿ ಮೊಗೆದು ಚೆಲ್ಲಿದರೆ ಈ ಕೆಲಸ ಆಗುವುದಿಲ್ಲ, ಕೋಶಗಳು ಕೂತಿರುವುದು ಕೆಳಗೆ. ಹಾಕುವ ನೀರಿನ ಕ್ಲೋರಿನ್ ತೆಗೆದಿರಬೇಕು, ಶಾಖವೂ ತೊಟ್ಟಿಯದಕ್ಕೆ ಸಮನಾಗಿರಬೇಕು. ಚಳಿಗಾಲದ ಬೆಳಗ್ಗೆ ಮಹಡಿ ಮೇಲಿನ ಟ್ಯಾಂಕಿನ ನೀರನ್ನು ನೇರವಾಗಿ ಸುರಿದರೆ ನಾಲ್ಕು ದಿನದ ಶ್ರಮ ನಾಲ್ಕು ನಿಮಿಷದಲ್ಲಿ ಹಾಳು. ಸ್ವಲ್ಪ ಬಿಸಿನೀರು ಬೆರೆಸಿ, ಥರ್ಮಾಮೀಟರ್ ಅದ್ದಿ ನೋಡಿ, ಆಮೇಲೆ ಹಾಕಿ.

ಏಳನೆಯದು: ದಿನ ಎಣಿಸಿ

ಕೊನೆಯ ಚುಕ್ಕೆ ಮಾಯವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಅಲ್ಲಿಂದ ಮುಂದೆ ಪೂರ್ತಿ ಏಳು ದಿನ ಶಾಖ, ಉಪ್ಪು, ಸೈಫನ್ ಎಲ್ಲವೂ ಮೊದಲಿನಂತೆಯೇ ನಡೆಯಬೇಕು. ಗೋಲ್ಡ್‌ಫಿಶ್ ತೊಟ್ಟಿಗೆ ನಾನು ಹತ್ತು ದಿನ ಎನ್ನುತ್ತೇನೆ. ಮೊದಲ ಎರಡು ಮೂರು ದಿನಗಳಲ್ಲಿ ಚುಕ್ಕೆಗಳು ಹೆಚ್ಚಿದಂತೆ ಕಂಡರೆ ಗಾಬರಿಪಟ್ಟು ಪ್ರಮಾಣ ಏರಿಸಬೇಡಿ, ಮೊದಲೇ ಚರ್ಮದೊಳಗೆ ಹೊಕ್ಕವು ಈಗ ದಪ್ಪವಾಗಿ ಕಣ್ಣಿಗೆ ಬೀಳುತ್ತಿವೆ, ಅಷ್ಟೆ. ಈ ಅವಧಿಯಲ್ಲಿ ಮಿತವಾಗಿ ಆಹಾರ ಕೊಡಿ, ಹೊಸ ಮೀನು ತರಬೇಡಿ.

ಐದಾರು ದಿನ ಕಳೆದರೂ ಹೊಸ ಚುಕ್ಕೆಗಳು ಏಳುತ್ತಲೇ ಇದ್ದರೆ ಮಾತ್ರ ಔಷಧಿಯ ಮಾತು. ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಬೆರೆತ ದ್ರಾವಣ ಪರಿಣಾಮಕಾರಿ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಮ್ಯಾಲಕೈಟ್ ಗ್ರೀನನ್ನು ತಿನ್ನುವ ಮೀನಿನ ಸಾಕಣೆಯಲ್ಲಿ ಹಲವು ದೇಶಗಳು ನಿಷೇಧಿಸಿರುವುದು ಅದು ಮನುಷ್ಯರಿಗೂ ಒಳ್ಳೆಯದಲ್ಲವೆಂದೇ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಫಾರ್ಮಲಿನ್ ನೀರಿನ ಆಮ್ಲಜನಕವನ್ನೂ ಇಳಿಸುವುದರಿಂದ ಶಾಖವನ್ನು 27 ಡಿಗ್ರಿಗೆ ತಂದ ಮೇಲೆಯೇ ಹಾಕಿ. ಟೆಟ್ರಾ, ಲೋಚ್‌ಗಳಿಗೆ ಬಾಟಲಿಯ ಮೇಲೆ ಬರೆದಿರುವುದರ ಅರ್ಧ ಸಾಕು. ಕೆಲವು ಅಂಗಡಿಗಳಲ್ಲಿ ಚೀಟಿಯೇ ಇಲ್ಲದ ಸಣ್ಣ ಬಾಟಲಿ ಕೈಗಿಟ್ಟು “ಹತ್ತು ಹನಿ ಹಾಕಿ ಸರ್, ಎರಡು ದಿನದಲ್ಲಿ ಸರಿಹೋಗುತ್ತೆ” ಎನ್ನುತ್ತಾರೆ. ಒಳಗೇನಿದೆ, ಎಷ್ಟಿದೆ ಎಂದು ಬರೆಯದ ಬಾಟಲಿಯನ್ನು ಕೊಳ್ಳಲೇಬೇಡಿ. ಅಂಥ ಬಾಟಲಿಯಲ್ಲಿರುವ ನೀಲಿ ದ್ರಾವಣ ಸಾಮಾನ್ಯವಾಗಿ ಮಿಥಿಲೀನ್ ಬ್ಲೂ. ಬಿಳಿಚುಕ್ಕೆಗೆ ಅದರ ಬಲ ಸಾಲದು, ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು, ಗಾಜಿನ ಮೂಲೆಯ ಸಿಲಿಕಾನ್‌ಗೆ ಹಿಡಿದ ನೀಲಿ ಕಲೆಯಂತೂ ವರ್ಷವಾದರೂ ಹೋಗುವುದಿಲ್ಲ.

ಕೊನೆಗೆ

ಗುರುತು ಮಾಡಿದ ದಿನಗಳು ಮುಗಿದ ಮೇಲೆ ಶಾಖವನ್ನು ದಿನಕ್ಕೆ ಒಂದು ಡಿಗ್ರಿಯಂತೆ ಇಳಿಸಿ, ಮುಂದಿನ ಮೂರು ನಾಲ್ಕು ನೀರು ಬದಲಾವಣೆಗಳಲ್ಲಿ ಉಪ್ಪು ಸೇರಿಸದೆ ಬಿಟ್ಟರೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಬಲೆ, ಕೊಳವೆ, ಬಕೆಟ್ಟುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಒಣಗಿದಲ್ಲಿ ಈ ಪರಜೀವಿ ಬದುಕುವುದಿಲ್ಲ. ಮುಂದಿನ ಸಲ ಮೀನು ತಂದಾಗ ಚೀಲದ ನೀರನ್ನು ಬಚ್ಚಲಿಗೆ ಚೆಲ್ಲಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ, ಬೇರೆ ತೊಟ್ಟಿಯಲ್ಲಿ 27 ಡಿಗ್ರಿಯ ನೀರಿನಲ್ಲಿ ಮೂರು ವಾರ ಇರಿಸಿ. ಆ ತೊಟ್ಟಿಗೆ ಬೇರೆಯದೇ ಬಲೆ ಇರಲಿ.