ಪ್ಲಾಸ್ಟಿಕ್ ಹುಳುವಿಗೆ ಯಾವ ಹುಕ್? ಉದ್ದ ಬಿಡಿ, ದಪ್ಪ ನೋಡಿ

ಮೆತ್ತನೆಯ ಪ್ಲಾಸ್ಟಿಕ್ ಹುಳು, ಹಲ್ಲಿ, ಕಪ್ಪೆ ಇವನ್ನೆಲ್ಲ ಆನ್‌ಲೈನ್‌ನಲ್ಲಿ ತರಿಸಿಕೊಂಡು ಗಾಳ ಹಾಕುವವರು ಈಗ ಬಾಗಲಕೋಟೆ, ಬೆಳಗಾವಿ ಕಡೆ ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಆದರೆ ಬಣ್ಣ ಯಾವುದು, ಬಾಲ ಹೇಗೆ ಆಡುತ್ತದೆ, ವಾಸನೆ ಹಚ್ಚಿದ್ದಾರಾ ಅಂತ ಅಷ್ಟೊತ್ತು ನೋಡಿ ಬೇಟ್ ಆರಿಸುವವರು ಹುಕ್ ವಿಷಯಕ್ಕೆ ಬಂದಾಗ ಪೆಟ್ಟಿಗೆಯಲ್ಲಿ ಏನು ಕೈಗೆ ಸಿಕ್ಕಿತೋ ಅದನ್ನೇ ಚುಚ್ಚಿ ಎಸೆಯುತ್ತಾರೆ. ಆಮೇಲೆ "ಕಚ್ಚಿತು, ಜಗ್ಗಿದೆ, ಬಿಟ್ಟು ಹೋಯಿತು" ಅನ್ನುವ ಮಾತು. ಹೀಗೆ ಕೈತಪ್ಪುವ ಮೀನುಗಳಲ್ಲಿ ಬೇಟಿನ ತಪ್ಪಿಗಿಂತ ಹುಕ್ಕಿನ ತಪ್ಪೇ ಹೆಚ್ಚು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಈ ವಿದ್ಯೆ ಬೆಳೆದಿದ್ದು ಅಮೆರಿಕದಲ್ಲಿ, ಲಾರ್ಜ್‌ಮೌತ್ ಬಾಸ್ ಮೀನಿನ ಬೆನ್ನು ಹತ್ತಿ. 1949ರಲ್ಲಿ ಒಹಾಯೋ ರಾಜ್ಯದ ಏಕ್ರನ್ ಊರಿನ ನಿಕ್ ಕ್ರೀಮ್ ಅನ್ನುವವರು ಮೆತ್ತನೆ ಪ್ಲಾಸ್ಟಿಕ್ಕಿನ ಎರೆಹುಳು ಮಾಡಿದರು, ಆಮೇಲೆ ಮಾರತೊಡಗಿದರು. ಮುಂದೆ ಟೆಕ್ಸಸ್‌ನ ಜಲಾಶಯಗಳಲ್ಲಿ, ಮುಳುಗಿದ ಮರಗಳ ನಡುವೆ ಇದೇ ಹುಳು ಹಾಕುವವರು ಹುಕ್ಕಿನ ಮೊನೆಯನ್ನು ಹುಳುವಿನ ಮೈಯೊಳಗೇ ಮುಚ್ಚಿಡುವ ಉಪಾಯ ಬಳಸಿದರು. ಟೆಕ್ಸಸ್ ರಿಗ್ ಅಂದರೆ ಅದೇ. ಕೊಂಬೆಗೆ ಸಿಕ್ಕಿಕೊಳ್ಳುವುದಿಲ್ಲ, ಮೀನಿನ ಬಾಯಲ್ಲಿ ಮಾತ್ರ ಮೊನೆ ಹೊರಗೆ ಬರುತ್ತದೆ.

ಬಾಸ್ ನಮ್ಮ ಕೃಷ್ಣೆಯಲ್ಲೂ ಇಲ್ಲ, ಘಟಪ್ರಭೆಯಲ್ಲೂ ಇಲ್ಲ. ನಮಗೆ ಮರಲ್ ಇದೆ, ಅದೇ ಹಾವಿನಂಥ ತಲೆಯ ಮೀನು. ಎರಡೂ ಹೊಂಚು ಹಾಕಿ ಮೇಲೆ ಬೀಳುವ ಮೀನು, ಎರಡಕ್ಕೂ ಜೊಂಡು, ಪೊದೆ, ನೆರಳು ಬೇಕು. ಹಾಗಾಗಿ ಬಾಸ್ ಹಿಡಿಯುವವರ ಲೆಕ್ಕಾಚಾರ ಆಲಮಟ್ಟಿ ಹಿನ್ನೀರಿಗೂ ನಮ್ಮ ಊರ ಕೆರೆಗಳಿಗೂ ಬಹುಮಟ್ಟಿಗೆ ಒಗ್ಗುತ್ತದೆ. ಎಲ್ಲಿ ಒಗ್ಗುವುದಿಲ್ಲ ಅನ್ನುವುದನ್ನೂ ಮುಂದೆ ಹೇಳುತ್ತೇನೆ.

ಮೊದಲು ನಂಬರ್ ವಿಷಯ ಮುಗಿಸಿಬಿಡೋಣ. 6, 4, 2, 1 ಅಂತ ಅಂಕಿ ಇಳಿದ ಹಾಗೆ ಹುಕ್ ದೊಡ್ಡದಾಗುತ್ತದೆ. 1 ಆದ ಮೇಲೆ 1/0, 2/0, 3/0 ಅಂತ ಅಂಕಿ ಏರುತ್ತದೆ, ಹುಕ್ ಕೂಡ ದೊಡ್ಡದಾಗುತ್ತಲೇ ಹೋಗುತ್ತದೆ. ಪ್ಲಾಸ್ಟಿಕ್ ಬೇಟಿಗೆ ನಮಗೆ ಬೇಕಾಗಿರುವುದು ಹೆಚ್ಚಾಗಿ 1/0ಯಿಂದ 5/0 ಒಳಗೆ. ಒಂದು ಎಚ್ಚರಿಕೆ: ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ 3/0 ಇನ್ನೊಬ್ಬರ 4/0 ಪಕ್ಕ ಇಟ್ಟರೆ ಎರಡೂ ಒಂದೇ ತರ ಕಾಣಬಹುದು. ಆದ್ದರಿಂದ ನಂಬರ್ ನೋಡಿ ತರಿಸಿ, ಆದರೆ ಕಣ್ಣಳತೆ ಬಿಡಬೇಡಿ.

ಈಗ ಮುಖ್ಯ ಮಾತು. ಬೇಟಿನ ಪ್ಯಾಕೆಟ್ ಮೇಲೆ ಐದು ಇಂಚಿಗೆ ಇಷ್ಟು, ಏಳು ಇಂಚಿಗೆ ಇಷ್ಟು ಅಂತ ಹುಕ್ಕಿನ ಸೈಜ್ ಹಾಕಿರುತ್ತಾರೆ. ಎಲ್ಲರೂ ಉದ್ದ ಹಿಡಿದುಕೊಂಡೇ ಲೆಕ್ಕ ಹಾಕುತ್ತಾರೆ. ಆದರೆ ಹುಕ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುವುದು ಬೇಟಿನ ದಪ್ಪ. ಮೀನು ಕಚ್ಚಿದ ಮೇಲೆ ನೀವು ರಾಡ್ ಎತ್ತಿ ಜಗ್ಗುತ್ತೀರಲ್ಲ, ಆ ಕ್ಷಣ ಬಾಯೊಳಗೆ ಏನಾಗುತ್ತದೆ ಯೋಚಿಸಿ. ಬೇಟ್ ಹುಕ್ಕಿನ ಕಾಲಿನಿಂದ, ಅಂದರೆ ಉದ್ದನೆಯ ನೇರ ಭಾಗದಿಂದ, ಕೆಳಗೆ ಜಾರಿ ಬಾಗಿನ ಒಳಗೆ ಮುದ್ದೆಯಾಗಿ ಕೂರುತ್ತದೆ. ಕಾಲಿಗೂ ಮೊನೆಗೂ ನಡುವೆ ಇರುವ ಜಾಗ, ಅಂದರೆ ಗ್ಯಾಪ್, ಆ ಮುದ್ದೆಯಿಂದಲೇ ತುಂಬಿಹೋದರೆ ಮೊನೆ ಮೀನಿನ ಬಾಯಿಗೆ ತಾಗುವುದೇ ಇಲ್ಲ. ಪ್ಲಾಸ್ಟಿಕ್ಕನ್ನೇ ಚುಚ್ಚಿಕೊಂಡು ವಾಪಸ್ ಬರುತ್ತದೆ. ಮೀನು ಬಾಯಿ ಬಿಡುತ್ತದೆ, ನಿಮ್ಮ ಕೈಗೆ ಹರಿದ ಹುಳು.

ಹಾಗಾದರೆ ಗ್ಯಾಪ್ ಎಷ್ಟಿರಬೇಕು? ಬೇಟಿನ ದಪ್ಪದ ಸುಮಾರು ಎರಡರಷ್ಟು. ಸ್ಕೇಲ್ ಹಿಡಿದು ಅಳೆಯಬೇಕಾಗಿಲ್ಲ. ಹುಕ್ಕನ್ನು ಬೇಟಿನ ಪಕ್ಕಕ್ಕೆ ಹಿಡಿಯಿರಿ. ಬೇಟಿನ ಮೈ ಗ್ಯಾಪ್‌ನಲ್ಲಿ ಕೂತ ಮೇಲೆ ಅಷ್ಟೇ ಜಾಗ ಇನ್ನೂ ಖಾಲಿ ಉಳಿಯಬೇಕು. ಚುಚ್ಚಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ: ಹೆಬ್ಬೆರಳು, ತೋರುಬೆರಳಲ್ಲಿ ಬೇಟನ್ನು ಕಾಲಿನ ಕಡೆಗೆ ಒತ್ತಿ. ಮೊನೆ, ಅದರ ಹಿಂದಿನ ಮುಳ್ಳಿನ ಸಮೇತ, ಪೂರ್ತಿ ಹೊರಗೆ ಬಂತಾ? ಬಂದರೆ ಸರಿ. ಮೊನೆ ಮಾತ್ರ ಇಣುಕಿ ಮುಳ್ಳು ಒಳಗೇ ಉಳಿದರೆ ಒಂದು ಸೈಜ್ ಮೇಲಕ್ಕೆ ಹೋಗಿ.

ಇದಕ್ಕೇ ಏಳು ಇಂಚಿನ ತೆಳ್ಳನೆ ರಿಬ್ಬನ್ ಬಾಲದ ಹುಳುವಿಗೂ, ನಾಲ್ಕೇ ಇಂಚಿನ ದಪ್ಪ ಏಡಿ ಆಕಾರದ ಬೇಟಿಗೂ ಒಂದೇ 4/0 ಸರಿಹೋಗಬಹುದು. ಉದ್ದ ನೋಡಿದರೆ ಇದು ವಿಚಿತ್ರ, ದಪ್ಪ ನೋಡಿದರೆ ಸರಿ. ಐದು ಇಂಚಿನ ಕಡ್ಡಿ ಹುಳು, ಅದೇ ಸೆಂಕೋ ತರದ್ದು, 3/0 ಅಥವಾ 4/0 ಕೇಳುತ್ತದೆ. ನಾಲ್ಕು ಇಂಚಿನದ್ದಕ್ಕೆ 2/0, 3/0 ಸಾಕು. ಹತ್ತು ಇಂಚಿನ ಹೆಬ್ಬಾವಿನಂಥ ಹುಳುವಿಗೆ 5/0. ಹಾಗಂತ ಸುಮ್ನೆ ದೊಡ್ಡ ಹುಕ್ ಹಾಕಿದರೆ ಆಯಿತಲ್ಲ ಅಂದುಕೊಳ್ಳಬೇಡಿ. ಹುಕ್ ಭಾರವಾದರೆ ತೆಳ್ಳನೆ ಹುಳು ಕೋಲಿನ ಹಾಗೆ ಸೆಟೆದುಕೊಳ್ಳುತ್ತದೆ, ಬಾಲ ಆಡುವುದಿಲ್ಲ, ಮುಳುಗುವ ರೀತಿಯೂ ಕೆಡುತ್ತದೆ. ಹುಕ್ಕಿನ ಬಾಗು ಬೇಟಿನ ತಲೆಯಿಂದ ಸುಮಾರು ಮೂರನೇ ಒಂದು ಭಾಗದ ಹತ್ತಿರ ಬಂದರೆ ಹಿಂದಿನ ಭಾಗಕ್ಕೆ ಆಡಲು ಜಾಗ ಸಿಗುತ್ತದೆ.

ಆಕಾರದ ಮಾತಿಗೆ ಬಂದರೆ ಹೆಸರುಗಳು ತುಂಬಾ ಇವೆ, ನಮಗೆ ಮೂರು ಗೊತ್ತಿದ್ದರೆ ಸಾಕು. ದಾರ ಕಟ್ಟುವ ಕಣ್ಣಿನ ಕೆಳಗೆ ಝೆಡ್ ಆಕಾರದ ಮಡಿಕೆ ಇದ್ದು ಬಾಗು ದುಂಡಗಿರುವುದು ಆಫ್‌ಸೆಟ್ ಹುಕ್. ತೆಳ್ಳನೆ ಹುಳುಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅದೇ ಮಡಿಕೆ ಇದ್ದು ಹೊಟ್ಟೆ ಅಗಲವಾಗಿ ಇಳಿದಿದ್ದು, ಮೊನೆ ಕಣ್ಣಿನ ನೇರಕ್ಕೆ ಬಂದಿದ್ದರೆ ಅದು ವೈಡ್ ಗ್ಯಾಪ್, ಪ್ಯಾಕೆಟ್ ಮೇಲೆ ಇಡಬ್ಲ್ಯೂಜಿ ಅಂತ ಇರುತ್ತದೆ. ದಪ್ಪ ಬೇಟ್, ಕಪ್ಪೆ, ಅಗಲ ಬಾಲದ ಮೀನಿನ ಆಕಾರದ್ದು ಎಲ್ಲಕ್ಕೂ ಇದು. ಮೂರನೆಯದು ಮಡಿಕೆಯೇ ಇಲ್ಲದ ನೇರ ಕಾಲಿನ ಹುಕ್. ಕಾಲಿನ ಮೇಲೆ ಬೇಟ್ ಜಾರದ ಹಾಗೆ ಹಿಡಿಯುವ ಸಣ್ಣ ಮುಳ್ಳು ಅಥವಾ ತಂತಿ ಇರುತ್ತದೆ. ದಟ್ಟ ಜೊಂಡಿನ ತೂತಿಗೆ ಹತ್ತಿರದಿಂದಲೇ ಬೇಟ್ ಇಳಿಸಿ ಕೂಡಲೇ ಜಗ್ಗುವವರಿಗೆ ಇದು. ದಾರವನ್ನು ಕಣ್ಣಿನಿಂದ ತೂರಿಸಿ ಕಾಲಿಗೆ ಸುತ್ತು ಹಾಕುವ ಸ್ನೆಲ್ ಗಂಟು ಹಾಕಿದರೆ, ಜಗ್ಗಿದಾಗ ಮೊನೆ ಹೊರಕ್ಕೆ ತಿರುಗಿ ಕಚ್ಚಿಕೊಳ್ಳುತ್ತದೆ. ವೈಡ್ ಗ್ಯಾಪ್‌ಗಿಂತ ಇದು ಆಳಕ್ಕೆ ಚುಚ್ಚುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ತಂತಿಯ ದಪ್ಪ. ಇದನ್ನು ರಾಡು, ದಾರದ ಜೊತೆ ಸೇರಿಸಿಯೇ ನೋಡಬೇಕು. ತೆಳು ತಂತಿಯ ಹುಕ್ ಸುಲಭವಾಗಿ ಚುಚ್ಚುತ್ತದೆ, 8–10 ಪೌಂಡ್ ಭಾರ ತಡೆಯುವ ನೈಲಾನ್ ದಾರ, ಬಳುಕುವ ಸ್ಪಿನ್ನಿಂಗ್ ರಾಡ್ ಇದ್ದವರಿಗೆ ಅದೇ ಸರಿ. ಅದೇ ಹುಕ್ಕನ್ನು 40 ಪೌಂಡ್ ಬ್ರೇಡ್‌ಗೆ, ಅಂದರೆ ಹೆಣೆದ ದಾರಕ್ಕೆ, ಕಟ್ಟಿ ಗಟ್ಟಿ ರಾಡಿನಲ್ಲಿ ಜಗ್ಗಿದರೆ ಹುಕ್ ಬಾಯಿ ಬಿಟ್ಟು ನೇರ ಆಗುತ್ತದೆ. ತಿರುಗಿಸಿ ನೋಡಿ: ದಪ್ಪ ತಂತಿಯ ಹುಕ್ ಹಾಕಿ ಮೆತ್ತನೆ ರಾಡಿನಲ್ಲಿ ಎಷ್ಟು ಜಗ್ಗಿದರೂ ಮುಳ್ಳು ಒಳಗೆ ಇಳಿಯುವುದಿಲ್ಲ.

ಇಲ್ಲಿಯೇ ಮರಲ್‌ಗೂ ಬಾಸ್‌ಗೂ ದಾರಿ ಬೇರೆ ಆಗುವುದು. ಬಾಸ್ ಬಾಯಿ ದೊಡ್ಡದು, ಬೇಟನ್ನು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ, ಹಲ್ಲು ಉಪ್ಪುಕಾಗದದ ಹಾಗೆ ಒರಟು ಅಷ್ಟೇ. ಮರಲ್ ಬಾಯಿ ಮೂಳೆ, ಚೂಪು ಹಲ್ಲು, ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಬಾಸ್ ವಿಡಿಯೋದಲ್ಲಿ ತೆಳು ತಂತಿ ಅಂದಿದ್ದನ್ನು ಮರಲ್‌ಗೆ ಹಾಗೇ ತರಬೇಡಿ. ದಪ್ಪ ತಂತಿ, ಚೂಪು ಮೊನೆ, 30ರಿಂದ 50 ಪೌಂಡ್ ಬ್ರೇಡ್, ಗಟ್ಟಿ ರಾಡ್. ಬೇಟ್ ತಲೆಗೆ ಸ್ಕ್ರೂ ತಿರುಗಿಸಿ ಕೂರಿಸುವ ಸುರುಳಿ ಇರುವ ವೈಡ್ ಗ್ಯಾಪ್ ಹುಕ್ ತಗೊಂಡರೆ ಇನ್ನೂ ಒಳ್ಳೆಯದು, ಯಾಕೆಂದರೆ ಮರಲ್ ಒಂದೆರಡು ಸಲ ಅಗಿದರೆ ಸಾಮಾನ್ಯ ಹುಕ್ಕಿನಲ್ಲಿ ಬೇಟಿನ ತಲೆ ಹರಿದು ಜಾರುತ್ತದೆ, ಸುರುಳಿಯಲ್ಲಿ ಸ್ವಲ್ಪ ಜಾಸ್ತಿ ತಡೆಯುತ್ತದೆ.

ಎಲ್ಲಿ ಹಾಕುತ್ತೀರಿ ಅನ್ನುವುದೂ ಹುಕ್ ಬದಲಿಸುತ್ತದೆ. ಆಲಮಟ್ಟಿ ಜಲಾಶಯ 519.60 ಮೀಟರ್ ತುಂಬಿ ನಿಂತಾಗ ಬಾಗಲಕೋಟೆ ಸುತ್ತಿನ ಹಿನ್ನೀರು ಹೊಲದ ಬದು, ಜಾಲಿ ಕಂಟಿಗಳ ಒಳಗೆ ನುಗ್ಗಿರುತ್ತದೆ. ಅಂಥ ಕಡೆ ಮೊನೆ ಮುಚ್ಚಿರದ ಹುಕ್ ಹಾಕಿದರೆ ಮೊದಲನೇ ಎಸೆತಕ್ಕೇ ಕಂಟಿಗೆ ದಾನ. ಟೆಕ್ಸಸ್ ರಿಗ್ ಬಿಟ್ಟು ಬೇರೆ ಯೋಚನೆ ಬೇಡ. ಮುಂದೆ 5ರಿಂದ 10 ಗ್ರಾಂ ತೂಕದ, ಬಂದೂಕಿನ ಗುಂಡಿನ ಆಕಾರದ ಸೀಸ, ಹಿಂದೆ 4/0 ದಪ್ಪ ತಂತಿ ಹುಕ್. ನೀರಿನ ಮೇಲೆ ಪಾಚಿ ಹಾಸಿದ್ದರೆ ಸೀಸ ತೆಗೆದುಬಿಡಿ, ಇಲ್ಲವೇ ಹೊಟ್ಟೆಗೆ 2–3 ಗ್ರಾಂ ಸೀಸ ಕೂಡಿಸಿದ ವೈಡ್ ಗ್ಯಾಪ್‌ನಲ್ಲಿ ಕಪ್ಪೆ ಅಥವಾ ಅಗಲ ಬಾಲದ ಬೇಟ್ ಹಾಕಿ ಮೇಲ್ಗಡೆಯೇ ಎಳೆಯಿರಿ. ಬೇಸಿಗೆಗೆ ನೀರು ಕೆಳಗೆ ಇಳಿದು ಕಂಟಿಗಳೆಲ್ಲ ಒಣ ನೆಲದಲ್ಲಿ ನಿಂತಾಗ ದಂಡೆ ಬೋಳು, ಬರೀ ಕೆಸರು, ಕಲ್ಲು. ಆಗ ಮೊನೆ ಹೊರಗಿರುವ ಜಿಗ್ ಹೆಡ್, ಅಂದರೆ ಸೀಸದ ತಲೆಯ ಹುಕ್, ಧೈರ್ಯವಾಗಿ ಹಾಕಬಹುದು, ಕಚ್ಚಿದ ಮೀನು ಉಳಿಯುವುದೂ ಜಾಸ್ತಿ.

ವ್ಯಾಕಿ ರಿಗ್, ಡ್ರಾಪ್ ಶಾಟ್, ನೆಡ್ ರಿಗ್ ಅಂತ ಬಾಸ್ ಹಿಡಿಯುವವರು ಹೇಳುವ ಬೇಟ್ ಕಟ್ಟುವ ಬಗೆಗಳೆಲ್ಲ ಇಂಥ ಬೋಳು ನೀರಿನ, ತಿಳಿ ನೀರಿನ ಆಟ. ಹುಳುವಿನ ನಡುವೆ ಚುಚ್ಚುವ ವ್ಯಾಕಿಗೆ 1/0 ಅಥವಾ 2/0 ದುಂಡು ಹುಕ್, ಡ್ರಾಪ್ ಶಾಟ್‌ಗೆ 2, 1 ಅಥವಾ 1/0. ಮರಲ್ ಹುಡುಕುವವರು ಇವನ್ನು ಸದ್ಯಕ್ಕೆ ಬಿಟ್ಟರೂ ನಷ್ಟವಿಲ್ಲ.

ಸರಿಯಾದ ಹುಕ್ ತಂದು ಅಡ್ಡಾದಿಡ್ಡಿ ಚುಚ್ಚಿದರೆ ಏನೂ ಪ್ರಯೋಜನ ಇಲ್ಲ, ಅಲ್ವಾ? ನಿಧಾನವಾಗಿ ಮಾಡಿ. ಬೇಟಿನ ಮೂಗಿನ ನಟ್ಟನಡುವೆ ಮೊನೆ ಇಟ್ಟು ಅರ್ಧ ಸೆಂಟಿಮೀಟರಿನಷ್ಟು ಒಳಗೆ ತಳ್ಳಿ, ಹೊಟ್ಟೆ ಕಡೆಯಿಂದ ಹೊರಗೆ ತೆಗೆಯಿರಿ. ಬೇಟನ್ನು ಕಾಲಿನುದ್ದಕ್ಕೂ ಮೇಲಕ್ಕೆ ಸರಿಸಿ, ಝೆಡ್ ಮಡಿಕೆ ಮೂಗಿನ ಒಳಗೆ ಕೂರಬೇಕು, ಕಣ್ಣು ಮಾತ್ರ ಕಾಣಬೇಕು. ಈಗ ಹುಕ್ಕನ್ನು ಅರ್ಧ ಸುತ್ತು ತಿರುಗಿಸಿ ಮೊನೆ ಬೇಟಿನ ಕಡೆಗೆ ಮಾಡಿಕೊಳ್ಳಿ. ಬೇಟನ್ನು ಸುಮ್ನೆ ಜೋತುಬಿಡಿ, ಜಗ್ಗಬೇಡಿ. ಬಾಗು ಬೇಟಿನ ಮೈಗೆ ಎಲ್ಲಿ ತಾಗುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ. ಬೇಟನ್ನು ಸ್ವಲ್ಪ ಬಗ್ಗಿಸಿ ಅದೇ ಗುರುತಿನಲ್ಲಿ ಮೊನೆಯನ್ನು ನೇರವಾಗಿ, ಓರೆಯಾಗದ ಹಾಗೆ, ಆರ್‌ಪಾರ್ ತಳ್ಳಿ. ಆಮೇಲೆ ಬೆನ್ನಿನ ಚರ್ಮವನ್ನು ಚೂರು ಮುಂದಕ್ಕೆ ಎಳೆದು ಮೊನೆಯ ತುದಿ ಮಾತ್ರ ಅದರಲ್ಲಿ ಅಡಗುವಂತೆ ಮಾಡಿ. ಈಗ ಕಣ್ಣು ಹಿಡಿದು ಎತ್ತಿ ನೋಡಿ. ಬೇಟ್ ನೇರವಾಗಿ ತೂಗಬೇಕು. ನಡುವೆ ಉಬ್ಬಿದ್ದರೆ ನೀರಲ್ಲಿ ಗಿರಗಿರ ತಿರುಗಿ ದಾರವೆಲ್ಲ ಮುರಿ ಬೀಳುತ್ತದೆ. ಬಿಚ್ಚಿ, ಗುರುತನ್ನು ಒಂದೆರಡು ಮಿಲಿಮೀಟರ್ ತಲೆಯ ಕಡೆಗೆ ಹಾಕಿ ಮತ್ತೆ ಚುಚ್ಚಿ.

ಮೊನೆ ಮೊಂಡಾಗಿದೆಯಾ ಅಂತ ನೋಡಲು ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಎಳೆಯಿರಿ. ಗೀರು ಹಾಕಿ ನಿಂತರೆ ಚೂಪಿದೆ, ಜಾರಿದರೆ ಬದಲಿಸಿ. ಕಲ್ಲಿನ ದಂಡೆಯಲ್ಲಿ ಆಗಾಗ ನೋಡುತ್ತಿರಬೇಕು. ಹಿಡಿದ ಮೀನು ವಾಪಸ್ ಬಿಡುವವರು ಇಕ್ಕಳದಿಂದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡಿ, ಮೀನಿನ ಬಾಯಿಂದಲೂ ನಿಮ್ಮ ಬೆರಳಿಂದಲೂ ಸುಲಭವಾಗಿ ಬರುತ್ತದೆ. ಒದ್ದೆ ಹುಕ್ಕುಗಳನ್ನು ಪೆಟ್ಟಿಗೆಗೆ ಹಾಕಬೇಡಿ, ಒಂದರ ತುಕ್ಕು ಎಲ್ಲಕ್ಕೂ ಹತ್ತುತ್ತದೆ.

ಒಂದು ಮಾತು ಖಂಡಿತ ನೆನಪಿಡಿ. ನಮ್ಮ ಕಡೆಯ ಬಹಳಷ್ಟು ಕೆರೆಗಳು ಮೀನು ಸಾಕಲು ಗುತ್ತಿಗೆಗೆ ಹೋಗಿರುತ್ತವೆ. ದಂಡೆಯಲ್ಲಿ ಇರುವವರನ್ನು ಕೇಳಿ, ಗುತ್ತಿಗೆದಾರರ ಒಪ್ಪಿಗೆ ಪಡೆದೇ ಗಾಳ ಹಾಕಿ. ಧೂಪದಾಳದ ಘಟಪ್ರಭಾ ಪಕ್ಷಿಧಾಮದ ಒಳಗೆ ಈ ಯೋಚನೆಯೇ ಬೇಡ. ಮಳೆಗಾಲದಲ್ಲಿ ನೀರಿನ ಮೇಲೆ ಮರಿಗಳ ಗುಂಪು ಗುಳುಗುಳು ಅಂತ ಏಳುತ್ತಾ ಹೋಗುವುದು ಕಂಡರೆ ಅದರ ಕೆಳಗೆ ತಾಯಿ, ತಂದೆ ಮರಲ್ ಕಾಯುತ್ತಿರುತ್ತವೆ. ಅಲ್ಲಿ ಎಸೆದರೆ ಸಿಟ್ಟಿಗೆ ಕಚ್ಚಿಯೇ ಕಚ್ಚುತ್ತವೆ, ದಯವಿಟ್ಟು ಎಸೆಯಬೇಡಿ. ದೊಡ್ಡದನ್ನು ಎತ್ತಿಕೊಂಡರೆ ಮರಿಗಳು ಬೇರೆ ಮೀನುಗಳ ಪಾಲು.

ಹೊಸದಾಗಿ ಶುರು ಮಾಡುವವರು ಹತ್ತು ತರದ ಹುಕ್ ತರಿಸಬೇಡಿ. 4/0 ವೈಡ್ ಗ್ಯಾಪ್ ದಪ್ಪ ತಂತಿಯದ್ದು ಒಂದು ಪ್ಯಾಕೆಟ್, 3/0 ಆಫ್‌ಸೆಟ್ ಒಂದು, ಹೊಟ್ಟೆಗೆ ಸೀಸ ಇರುವ ಸುರುಳಿ ಹುಕ್ 4/0 ಅಥವಾ 5/0 ಒಂದು. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಮೊದಲನೆಯದನ್ನೇ ತಗೊಳ್ಳಿ, ಅದರ ಗ್ಯಾಪ್‌ಗೆ ಹೊಂದುವ ಬೇಟನ್ನು ಆಮೇಲೆ ಆರಿಸಿ.