ಜೋಳದ ಸ್ಟಾರ್ಚ್‌ನಿಂದ ನಿಧಾನ ಕರಗುವ ಗುಳಿಗೆ

ಕಲಬುರಗಿಯ ಬಿ.ಫಾರ್ಮ್ ಕೊನೆಯ ವರ್ಷದವರು ಪ್ರಾಜೆಕ್ಟಿಗೆ ಈ ವಿಷಯ ತಗೊಂಡಾಗಲೆಲ್ಲ ಒಂದೇ ದೂರು: ‘ಎಂಟು ತಾಸು ನಿಲ್ಲಬೇಕಾದ ಗುಳಿಗೆ ಹತ್ತೇ ನಿಮಿಷಕ್ಕೆ ಒಡೀತು ಸರ್.’ ಬೈಯುವುದು ಗುಳಿಗೆ ಒತ್ತುವ ಮಷಿನ್ನಿಗೆ. ತಪ್ಪು ಇರುವುದು ಅರೆಬೆಂದ ಸ್ಟಾರ್ಚ್‌ನಲ್ಲಿ. ಹಸಿ ಸ್ಟಾರ್ಚ್ ಗುಳಿಗೆ ಬೇಗ ಒಡೆಯಲೆಂದೇ ಹಾಕುವ ಪದಾರ್ಥ. ಪೂರ್ತಿ ಬೆಂದು ಒಣಗಿದ್ದು ಮಾತ್ರ ನೀರು ತಾಗಿದೊಡನೆ ಗುಳಿಗೆ ಸುತ್ತ ಲೋಳೆ ಪದರ ಕಟ್ಟುತ್ತದೆ. ಔಷಧ ಅದರೊಳಗಿಂದ ಜಿನುಗಿ ಬರಬೇಕು.

ಹಿಂಗಾರಿ ಬಿಳಿಜೋಳವನ್ನೇ ತನ್ನಿ. ಕೆಂಪು ಜೋಳದ ಸಿಪ್ಪೆಯ ಬಣ್ಣ ಸ್ಟಾರ್ಚಿಗೆ ಹತ್ತುತ್ತದೆ. ರಾತ್ರಿ ನೆನೆಸಿ, ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತದ್ದನ್ನು ತೊಳೆದು ಒಣಗಿಸಿ. ಕೆಲವರು ಅಂಗಡಿಯ ಕಸ್ಟರ್ಡ್ ಪುಡಿ ತರುತ್ತಾರೆ. ಅದರಲ್ಲಿ ಬಣ್ಣ, ಸುವಾಸನೆ ಎರಡೂ ಇರುತ್ತವೆ, ಲ್ಯಾಬಿನೊಳಗೆ ಬಿಡಬೇಡಿ.

ಈಗ ಬೇಯಿಸುವುದು. ನೇರ ಉರಿ ಬೇಡ, ವಾಟರ್ ಬಾತ್ (ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕಾಯಿಸುವ ತೊಟ್ಟಿ) ಬೇಕು. 100 ಮಿ.ಲೀ. ತಣ್ಣನೆಯ ಡಿಸ್ಟಿಲ್ಡ್ ವಾಟರ್‌ಗೆ 10 ಗ್ರಾಂ ಸ್ಟಾರ್ಚ್ ಕದಡಿ. ಬಿಸಿನೀರಿಗೆ ಪುಡಿ ಸುರಿದರೆ ಗಂಟಾಗಿ, ಹೊರಮೈ ಬೆಂದು ಒಳಗೆ ಹಸಿ ಉಳಿಯುತ್ತದೆ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಅಂಬಲಿಯಂತೆ ದಪ್ಪಗಾಗುತ್ತದೆ. ಎಲ್ಲರೂ ಇಲ್ಲೇ ಇಳಿಸಿಬಿಡುತ್ತಾರೆ. ಇಳಿಸಬೇಡಿ. 80–85 ಡಿಗ್ರಿಗೆ ಏರಿಸಿ, ಕಾಲು ತಾಸು ಅಲ್ಲೇ ಹಿಡಿದು, ತಳ ಕೆರೆಯುತ್ತ ತಿರುವುತ್ತಿರಿ. ಬಿಳುಪು ಹೋಗಿ ಗಾಜಿನಾಚೆಯ ಬೆರಳು ಮಸುಕಾಗಿ ಕಾಣಬೇಕು. ಅಷ್ಟಕ್ಕೇ ಕಣ್ಣನ್ನು ನಂಬದೆ, ಒಂದು ಹನಿಯನ್ನು ಪೋಲರೈಸ್ಡ್ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡಿ: ಬೇಯದ ಕಣಗಳ ಮೇಲೆ ಕಪ್ಪು ಶಿಲುಬೆಯ ಗುರುತು ಕಾಣುತ್ತದೆ. ಒಂದೆರಡು ಕಂಡರೂ ಮತ್ತೆ ಬೇಯಿಸಿ.

ಬೆಂದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ನೋಡೋಣ ಅನ್ನಬಾರದು. ತಣ್ಣಗಾದಂತೆ ಸ್ಟಾರ್ಚಿನೊಳಗಿನ ಅಮೈಲೋಸ್ ಎಂಬ ಉದ್ದನೆಯ ಎಳೆಗಳು ಮತ್ತೆ ಹೆಣೆದುಕೊಂಡು ನೀರು ಬಿಡುತ್ತವೆ, ಲೋಳೆ ಕಟ್ಟುವ ಗುಣ ಕುಗ್ಗುತ್ತದೆ. ಅಂದೇ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, 50 ಡಿಗ್ರಿ ಓವನ್ನಿನಲ್ಲಿಡಿ. ನಮ್ಮ ಏಪ್ರಿಲ್ ಬಿಸಿಲು ಎಷ್ಟೇ ಚುರುಕಾಗಿರಲಿ, ಮಾಳಿಗೆ ಮೇಲೆ ಬೇಡ, ದೂಳು ಬೀಳುತ್ತದೆ. ಮುರಿದರೆ ಚಟ್ಟೆಂದು ಸದ್ದಾದಾಗ ಪುಡಿಮಾಡಿ, 80 ಮೆಷ್ ಜರಡಿ ಹಿಡಿಯಿರಿ.

ಈ ಪುಡಿಗೆ ಥಿಯೋಫಿಲಿನ್ (ಉಬ್ಬಸದ ಔಷಧ) ಬೆರೆಸಿ, ಕೊನೆಗೆ ಗುಳಿಗೆ ಅಚ್ಚಿಗೆ ಅಂಟದಂತೆ ಮೆಗ್ನೀಸಿಯಂ ಸ್ಟಿಯರೇಟ್ ಹಾಕಿ ಗುಳಿಗೆಯಾಗಿ ಒತ್ತಿ. ಪರೀಕ್ಷೆಗೆ ಮಾತ್ರ, ಯಾರೂ ನುಂಗಬಾರದು: ಥಿಯೋಫಿಲಿನ್‌ನಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ.

ಗುಳಿಗೆಯಿಂದ ಔಷಧ ಎಷ್ಟು ಬೇಗ ಹೊರಬರುತ್ತದೆಂದು ಅಳೆಯುವ ಡಿಸಲ್ಯೂಷನ್ ಯಂತ್ರದಲ್ಲಿ 900 ಮಿ.ಲೀ. ದ್ರಾವಣ, 37 ಡಿಗ್ರಿ. ಎರಡು ತಾಸು ಜಠರದಂಥ ಆಮ್ಲದಲ್ಲಿ, ಆಮೇಲೆ ಕರುಳಿನಂಥ ಪಿಎಚ್ 6.8 ಬಫರ್‌ನಲ್ಲಿ. ಕರುಳಿನಲ್ಲಿ ಸ್ಟಾರ್ಚ್ ಅರಗಿಸುವ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಬರೀ ಬಫರ್‌ನಲ್ಲಿ ಗಟ್ಟಿ ನಿಂತ ಗುಳಿಗೆ ಅದರೆದುರು ಬೇಗ ಸವೆಯಬಹುದು. ಆದ್ದರಿಂದ ಬಫರ್‌ಗೆ ಅಮೈಲೇಸ್ ಬೆರೆಸಿ ಇನ್ನೊಮ್ಮೆ ಪರೀಕ್ಷಿಸಿ, ಎರಡೂ ಗ್ರಾಫ್‌ಗಳನ್ನು ಒಂದೇ ಹಾಳೆಯಲ್ಲಿ ಹಾಕಿ ವರದಿ ಕೊಡಿ.